ಹೆಡ್ ಪಕ್ಕದ ಸಣ್ಣ ಸ್ಕ್ರೂ

ಕಳೆದ ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಊರ ಮನೆಯ ಅಟ್ಟ ಚೊಕ್ಕ ಮಾಡಲು ಹತ್ತಿದ್ದೆ. ಅಡಿಕೆ ಚೀಲ, ಹಳೆಯ ಪಂಚಾಂಗಗಳ ಕಟ್ಟು, ಬಾಯಿ ಒಡೆದ ಉಪ್ಪಿನಕಾಯಿ ಭರಣಿ. ಇವುಗಳ ಹಿಂದೆ ಅಪ್ಪನ ಟೂ-ಇನ್-ಒನ್, ಅಂದರೆ ರೇಡಿಯೋ ಮತ್ತು ಕ್ಯಾಸೆಟ್ ಟೇಪ್ ಎರಡೂ ಇರುವ ಸೆಟ್ಟು, ಧೂಳು ಹೊದ್ದು ಕೂತಿತ್ತು. ಕೆಳಗಿಳಿಸಿ, ಒರೆಸಿ, ವೈರು ಚುಚ್ಚಿದೆ. ರೇಡಿಯೋ ಕರಕರ ಎಂದಿತು, ಅಂದರೆ ಜೀವ ಇದೆ. ಪ್ಲೇ ಒತ್ತಿದೆ. ಮೋಟರ್ ಗುಂಯ್ ಅಂತು, ರೀಲು ಮಾತ್ರ ಕದಲಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಬೆಲ್ಟು ಅನ್ನುವುದೇ ಇರಲಿಲ್ಲ. ಅದು ಕರಗಿ, ಡಾಂಬರಿನ ಹಾಗೆ ಪುಲ್ಲಿಗೆ ಮೆತ್ತಿಕೊಂಡಿತ್ತು. ಹಳೆಯ ರಬ್ಬರಿಗೆ ಆಗುವುದೇ ಹಾಗೆ, ಒಂದೋ ಒಣಗಿ ಸಿಡಿಯುತ್ತದೆ, ಇಲ್ಲವೇ ಅಂಟಾಗಿ ಇಳಿಯುತ್ತದೆ. ಕೈಗೆ ಹತ್ತಿದ ಆ ಕಪ್ಪು ಸೋಪಿಗೆ ಜಗ್ಗಲಿಲ್ಲ, ಕೊನೆಗೆ ಸ್ಪಿರಿಟ್ಟಿಗೆ ಬಗ್ಗಿತು.

ಪುಲ್ಲಿಗಳ ಸುತ್ತ ದಾರ ಸುತ್ತಿ ಅಳತೆ ತೆಗೆದು, ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿಗೆ ಹೋದೆ. ಸೆಟ್ಟಿನ ಮಾಡೆಲ್ ನಂಬರು ಹೇಳಲು ಬಾಯಿ ತೆರೆದರೆ ಅಂಗಡಿಯವರು ತಡೆದರು. "ಮಾಡೆಲ್ ಎಲ್ಲ ಬೇಡ ಸಾರ್, ಸೈಜ್ ಹೇಳಿ. ಚೌಕ ಬೆಲ್ಟಾ, ಚಪ್ಪಟೆಯಾ?" ದಾರ ತೋರಿಸಿದೆ. ಅವರು ಅದನ್ನು ಬೆರಳಲ್ಲಿ ಎಳೆದು ನೋಡಿ, "ಇದಕ್ಕಿಂತ ಒಂಚೂರು ಚಿಕ್ಕದೇ ಹಾಕಬೇಕು, ಬಿಗಿ ಇರಲಿ" ಎಂದು ಡಬ್ಬಿಯಿಂದ ಎರಡು ಆರಿಸಿ ಕೊಟ್ಟರು.

ಬೆಲ್ಟು ಕೂರಿಸಿದ ಮೇಲೆ ಹಾಡು ಬಂತು. ಆದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ತಬಲಾದ ದಪ್ಪ ಸದ್ದು ಕೇಳುತ್ತದೆ, ತಾಳದ ಝಣಝಣ ಇಲ್ಲ. 'ಸ' ಅಕ್ಷರವೆಲ್ಲ 'ಹ' ಆಗಿದೆ. ನಮ್ಮ ಮನೆಯ ಟೇಪ್ ಮೊದಲಿಂದಲೂ ಸ್ವಲ್ಪ ಮಂಕು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಅದಕ್ಕೆ ಕಾರಣ ಟೇಪನ್ನು ಓದುವ ಹೆಡ್ಡಿನ ಪಕ್ಕದಲ್ಲಿದ್ದ, ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರಿಗಷ್ಟೇ ಸಿಗುವ ಒಂದು ಸ್ಕ್ರೂ. ಒಂದು ಕಾಲದಲ್ಲಿ ಹಾಡು ಕೇಳುವವರನ್ನು ಕಾಡಿದ ಇದೇ ಸ್ಕ್ರೂ ಕಂಪ್ಯೂಟರ್ ಬಳಸುವವರನ್ನೂ ಕಾಡಿದೆ ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಅದನ್ನು ಬಿಡಿಸಿ ಹೇಳಬೇಕಾದರೆ ಟೇಪಿನಿಂದಲೇ ಶುರು ಮಾಡಬೇಕು.

ಕ್ಯಾಸೆಟ್ಟಿನೊಳಗಿನ ಕಂದು ಪಟ್ಟಿ 3.81 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನ ಜೊತೆ ಕಲಸಿ ಬಳಿದಿರುತ್ತಾರೆ. ಗೇಟಿನ ಮೇಲೆ ಹಿಡಿಯುವ ತುಕ್ಕಿನ ಹತ್ತಿರದ ಸಂಬಂಧಿ ಅದು, ಬಣ್ಣವೂ ಅದೇ. ಆ ಪುಡಿಯ ಒಂದೊಂದು ಕಣವೂ ಪುಟ್ಟ ಅಯಸ್ಕಾಂತ. ರೆಕಾರ್ಡ್ ಮಾಡುವಾಗ ಹೆಡ್ಡಿನೊಳಗಿನ ಸುರುಳಿಯಲ್ಲಿ ಹಾಡಿನ ವಿದ್ಯುತ್ತು ಹರಿಯುತ್ತದೆ. ಹೆಡ್ಡಿನ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ಒಂದು ಸೀಳು ಇದೆ, ಅಗಲ ಒಂದೆರಡು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಯಸ್ಕಾಂತದ ಬಲ ಆ ಸೀಳಿನಿಂದ ಹೊರಗೆ ಉಕ್ಕಿ, ಎದುರಿಗೆ ಸರಿಯುತ್ತಿರುವ ಕಣಗಳನ್ನು ಆಚೆಗೋ ಈಚೆಗೋ ತಿರುಗಿಸುತ್ತದೆ. ಕೇಳುವಾಗ ಇದೇ ಕೆಲಸ ತಿರುವುಮುರುವು. ಕಣಗಳು ಸೀಳಿನ ಎದುರು ಹಾದುಹೋಗುತ್ತಾ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿಸುತ್ತವೆ, ಅದನ್ನು ಹಿಗ್ಗಿಸಿದರೆ ಹಾಡು.

ಇಷ್ಟೇ ಆಗಿದ್ದರೆ ಟೇಪಿನಲ್ಲಿ ಬರುತ್ತಿದ್ದದ್ದು ಒಡಕಲು ಹಾಡು. ಈ ಕಣಗಳು ಹಟಮಾರಿಗಳು, ಮೆಲ್ಲಗೆ ತಳ್ಳಿದರೆ ಅಲ್ಲಾಡುವುದಿಲ್ಲ. ಹಾಗಾಗಿ ಮೆಲ್ಲಗಿನ ದನಿ ದಾಖಲಾಗುವುದಿಲ್ಲ, ಜೋರು ದನಿ ಸೊಟ್ಟಗೆ ದಾಖಲಾಗುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯುವಾಗ ಸುಮ್ಮನೆ ಸುರಿದರೆ ಕಾಳುಗಳು ಒಂದರ ಮೇಲೊಂದು ಸಿಕ್ಕಿಹಾಕಿಕೊಂಡು ಅಳತೆ ತಪ್ಪುತ್ತದಲ್ಲ, ಸೇರನ್ನು ಕುಲುಕಿದರೆ ತಾವೇ ಕೂರುತ್ತವೆ. ಟೇಪಿನಲ್ಲಿ ಆ ಕುಲುಕಾಟದ ಹೆಸರು ಬಯಾಸ್. ಹಾಡಿನ ಜೊತೆಗೇ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಒಂದು ಕಂಪನವನ್ನು ಹೆಡ್ಡಿಗೆ ಕೊಡುತ್ತಾರೆ. ಕಣಗಳು ಅದರಲ್ಲಿ ಕುಲುಕಾಡಿ, ಹಾಡು ಹೇಳಿದಷ್ಟೇ ತಿರುಗಿ ನಿಲ್ಲುತ್ತವೆ.

ಕ್ಯಾಸೆಟ್ಟಿನ ರೂಪ ಹುಟ್ಟಿದ್ದು ಬೆಲ್ಜಿಯಮ್ಮಿನ ಹ್ಯಾಸೆಲ್ಟ್‌ನಲ್ಲಿದ್ದ ಫಿಲಿಪ್ಸ್ ಕಾರ್ಖಾನೆಯಲ್ಲಿ. ಅಲ್ಲಿನ ತಂಡದ ಮುಖ್ಯಸ್ಥ ಲೂ ಓಟನ್ಸ್ ತನ್ನ ಕೋಟಿನ ಜೇಬಿಗೆ ಇಳಿಯುವ ಅಳತೆಯ ಒಂದು ಮರದ ತುಂಡು ಕತ್ತರಿಸಿಕೊಂಡು, ರೆಕಾರ್ಡರ್ ಇಷ್ಟರಲ್ಲೇ ಆಗಬೇಕು ಎಂದು ಹಟ ಹಿಡಿದರು. 1963ರಲ್ಲಿ ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಅದು ಜನರೆದುರು ಬಂತು. ಆಮೇಲೆ ಫಿಲಿಪ್ಸ್ ಈ ವಿನ್ಯಾಸವನ್ನು ಬೇರೆ ಕಂಪನಿಗಳಿಗೂ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತು. ಆದರೆ ಅಳತೆ ಯಾರೂ ಬದಲಾಯಿಸುವಂತಿಲ್ಲ. ಜಪಾನಿನಲ್ಲಿ ಮಾಡಿದ ಕ್ಯಾಸೆಟ್ ಮಲೆನಾಡಿನ ಸಾಗರದ ಟೇಪಿಗೂ ಸರಿಹೊಂದಿದ್ದು ಇದರಿಂದ.

ಜೇಬಿಗೆ ಇಳಿಸಲು ಕೊಟ್ಟ ಬೆಲೆಯೇ ವೇಗ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟೇ ಓಡುತ್ತದೆ. 30 ನಿಮಿಷದ ಒಂದು ಮಗ್ಗುಲಿಗೆ ಲೆಕ್ಕ ಹಾಕಿದರೆ ಸುಮಾರು 86 ಮೀಟರ್ ಪಟ್ಟಿ ಬೇಕು. ನಮ್ಮ ಮನೆಯಂಗಳದಿಂದ ತೋಟದ ತಂತಿಬೇಲಿಯವರೆಗಿನ ದೂರ ಹೆಚ್ಚುಕಡಿಮೆ ಅಷ್ಟು. ಸಣ್ಣವನಿದ್ದಾಗ ಕೆಟ್ಟ ಕ್ಯಾಸೆಟ್ಟಿನ ರೀಲನ್ನು ಪೂರ್ತಿ ಎಳೆದು ತೋಟದ ಹಕ್ಕಿ ಓಡಿಸಲು ಕಟ್ಟಿದ್ದೇನೆ, ಹಾಗಾಗಿ ಗೊತ್ತು.

ಈ ವೇಗ ಒಂದೇ ಸಮ ಇರಬೇಕು. ರೀಲನ್ನೇ ತಿರುಗಿಸಿ ಎಳೆದರೆ ಆಗುವುದಿಲ್ಲ. ಸುತ್ತಿಕೊಂಡಂತೆ ರೀಲು ದಪ್ಪವಾಗುತ್ತದೆ, ದಪ್ಪವಾದಂತೆ ಎಳೆತ ಜೋರಾಗುತ್ತದೆ, ಕೊನೆಯ ಹಾಡು ಅಳಿಲಿನ ದನಿಯಲ್ಲಿ ಮುಗಿದೀತು. ಅದಕ್ಕೇ ಕ್ಯಾಪ್‌ಸ್ಟನ್ ಎಂಬ ತೆಳ್ಳನೆಯ ಉಕ್ಕಿನ ಕಡ್ಡಿ ಇದೆ. ರಬ್ಬರ್ ಚಕ್ರವೊಂದು ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುತ್ತದೆ, ಕಡ್ಡಿ ತಿರುಗಿದಷ್ಟೇ ಟೇಪು ಮುಂದೆ ಹೋಗುತ್ತದೆ. ಕಡ್ಡಿಯ ಹಿಂದೆ ಭಾರದ ಒಂದು ಚಕ್ರ, ಮೋಟರಿನ ಸಣ್ಣಪುಟ್ಟ ತಡಬಡಿಕೆಯನ್ನೆಲ್ಲ ನುಂಗಿಕೊಳ್ಳಲು. ಟೇಪ್ ರೆಕಾರ್ಡರ್ 'ರೀಲು ತಿನ್ನುವುದು' ಈ ರಬ್ಬರ್ ಚಕ್ರದ ಹತ್ತಿರವೇ. ಅದು ಗಟ್ಟಿಯಾಗಿದ್ದರೆ, ಅಂಟಾಗಿದ್ದರೆ, ಅಥವಾ ಸುತ್ತಿಕೊಳ್ಳುವ ರೀಲು ಸೋತಿದ್ದರೆ ಹೊರಬಂದ ಟೇಪು ಹೋಗಲು ದಾರಿಯಿಲ್ಲದೆ ಚಕ್ರಕ್ಕೇ ಸುತ್ತಿಕೊಳ್ಳುತ್ತದೆ. ಆಮೇಲಿನದು ಎಲ್ಲರಿಗೂ ಗೊತ್ತು. ಉಗುರಲ್ಲಿ ಮೆತ್ತಗೆ ಬಿಡಿಸುವುದು, ಸುಕ್ಕು ನೀವುವುದು, ಪೆನ್ಸಿಲ್ ತೂರಿಸಿ ಸುತ್ತುವುದು. ಕ್ಯಾಸೆಟ್ಟಿನ ತೂತಿನಲ್ಲಿ ಆರು ಹಲ್ಲು, ನಮ್ಮ ಶಾಲೆಯ ಪೆನ್ಸಿಲ್ಲಿಗೆ ಆರು ಮೂಲೆ. ಯಾರೂ ಬೇಕೆಂದು ಮಾಡಿದ ಹೊಂದಾಣಿಕೆ ಅಲ್ಲ ಅದು.

ಈಗ ಸ್ಕ್ರೂವಿನ ಮಾತು. ಟೇಪು ಇಷ್ಟು ನಿಧಾನ ಓಡುವುದರಿಂದ ಹಾಡಿನ ಅಲೆಗಳೆಲ್ಲ ಬಹಳ ಒತ್ತೊತ್ತಾಗಿ ಬೀಳುತ್ತವೆ. ತಾಳದ ಝಣಝಣದಲ್ಲಿರುವ 10,000 ಹರ್ಟ್ಜ್‌ನ ದನಿಯನ್ನು ತಗೊಳ್ಳಿ. ಸೆಕೆಂಡಿಗೆ 10,000 ಅಲೆ 4.76 ಸೆಂಟಿಮೀಟರಿನಲ್ಲಿ ಹಿಡಿಸಬೇಕು, ಅಂದರೆ ಒಂದು ಅಲೆಯ ಉದ್ದ ಐದು ಮೈಕ್ರಾನ್ ಕೂಡ ಇಲ್ಲ. ಟೇಪಿಗೆ ಅಡ್ಡಲಾಗಿ ಬಿದ್ದ ಈ ಅಲೆಗಳನ್ನು ಗದ್ದೆಯ ನಾಟಿ ಸಾಲುಗಳು ಎಂದುಕೊಳ್ಳಿ. ಒಂದು ಉದ್ದ ಕೋಲನ್ನು ಸಾಲಿಗೆ ಸರಿಯಾಗಿ ಹಿಡಿದರೆ ಕೋಲಿನ ಕೆಳಗೆ ಪೂರಾ ಸಸಿ, ಇಲ್ಲವೇ ಪೂರಾ ಖಾಲಿ ಜಾಗ. ಕೋಲು ತುಸು ಓರೆಯಾದರೆ ಒಂದು ತುದಿ ಸಸಿಯ ಮೇಲೆ, ಇನ್ನೊಂದು ತುದಿ ಖಾಲಿ ಜಾಗದ ಮೇಲೆ. ಹೆಡ್ಡಿನ ಸೀಳು ಆ ಕೋಲು. ಓರೆಯಾದರೆ ಅಲೆಯ ಏರನ್ನೂ ಇಳಿತವನ್ನೂ ಒಟ್ಟಿಗೇ ಓದುತ್ತದೆ, ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ.

ಎಷ್ಟು ಓರೆ ಸಾಕು? ಒಂದೇ ಸ್ಪೀಕರಿನ ಟೇಪುಗಳಲ್ಲಿ ದನಿಯ ಪಟ್ಟೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲ. ಹೆಡ್ ಬರೀ ಕಾಲು ಡಿಗ್ರಿ ವಾಲಿದರೆ ಪಟ್ಟೆಯ ಆ ಅಂಚಿಗೂ ಈ ಅಂಚಿಗೂ ಆರೂವರೆ ಮೈಕ್ರಾನ್ ವ್ಯತ್ಯಾಸ. ಅಷ್ಟಕ್ಕೇ 7,000 ಹರ್ಟ್ಜ್ ಆಸುಪಾಸಿನ ದನಿ ಪೂರಾ ಸತ್ತುಹೋಗುತ್ತದೆ, ಅದರ ಮೇಲಿನದರಲ್ಲಿ ಉಳಿಯುವುದು ಚೂರುಪಾರು. ದಪ್ಪ ದನಿಯ ಅಲೆಗಳು ಉದ್ದ, ಅವಕ್ಕೇನೂ ಆಗುವುದಿಲ್ಲ. ಕಂಬಳಿ ಹೊದ್ದ ಹಾಡು ಎಂದೆನಲ್ಲ, ಅದು ಇದೇ. ಈ ನೇರವನ್ನು ಅಜಿಮತ್ ಅನ್ನುತ್ತಾರೆ. ಆ ಸಣ್ಣ ಸ್ಕ್ರೂ ಹೆಡ್ಡಿನ ಒಂದು ಬದಿಯನ್ನು ಎತ್ತಿ ಇಳಿಸಿ ಅಜಿಮತ್ ಕೂರಿಸುತ್ತದೆ. ತಿರುಗಿಸುವಾಗ ಹಾಡು ಹಾಕಿಕೊಂಡೇ ತಿರುಗಿಸಬೇಕು. ಮಂಕು, ಮಂಕು, ಇದ್ದಕ್ಕಿದ್ದಂತೆ ಕಿಟಕಿ ತೆಗೆದ ಹಾಗೆ ಝಣ್, ಮತ್ತೆ ಮಂಕು. ಆ ಝಣ್ ಅನ್ನುವ ಜಾಗಕ್ಕೆ ವಾಪಸ್ ಬರಬೇಕು. ಮೀಟರು ಬೇಡ, ಕಿವಿ ಸಾಕು.

ಅಂದಹಾಗೆ ಸೋನಿಯ ವಾಕ್‌ಮನ್ ಈ ಎಲ್ಲ ಯಂತ್ರವನ್ನು ಕೈಯಳತೆಗೆ ಇಳಿಸಿ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1979ರ ಜುಲೈ 1ರಂದು, ಬೆಲೆ 33,000 ಯೆನ್. ಅದರಲ್ಲಿ ರೆಕಾರ್ಡ್ ಗುಂಡಿಯೇ ಇರಲಿಲ್ಲ, ಸ್ಪೀಕರೂ ಇರಲಿಲ್ಲ. ಬದಲಿಗೆ ಎರಡು ಹೆಡ್‌ಫೋನಿಗೆ ಎರಡು ತೂತು, ಜೊತೆಗೆ ಒಂದು ಕಿತ್ತಳೆ ಗುಂಡಿ. ಅದನ್ನು ಒತ್ತಿದರೆ ಹಾಡು ತಗ್ಗಿ, ಒಳಗಿನ ಮೈಕಿನ ಮೂಲಕ ಇಬ್ಬರೂ ಮಾತಾಡಿಕೊಳ್ಳಬಹುದು. ಒಬ್ಬರೇ ಕೇಳುವುದು ಅಸಭ್ಯ ಅನ್ನಿಸೀತು ಎಂಬ ಅಳುಕು ಮಾಡಿದವರಿಗೇ ಇತ್ತು. ನಮ್ಮ ಕಡೆ ಆ ಅಳುಕಿಗೆ ಅವಕಾಶವೇ ಇರಲಿಲ್ಲ. ಟೇಪ್ ಇದ್ದದ್ದು ಜಗಲಿಯಲ್ಲಿ, ಹಾಕಿದರೆ ಕೇರಿಗೆಲ್ಲ ಕೇಳಬೇಕು. 1978ರಲ್ಲಿ ಬಂದ ನಿತ್ಯೋತ್ಸವದಿಂದ ಶುರುವಾದ ಭಾವಗೀತೆಯ ಕ್ಯಾಸೆಟ್ಟುಗಳು, ಗುರುರಾಜುಲು ನಾಯ್ಡು ಅವರ ಹರಿಕಥೆ, ಯಕ್ಷಗಾನ, ತಾಳಮದ್ದಳೆ ಎಲ್ಲ ಹಾಗೆಯೇ ಹರಡಿದವು. ಪೇಟೆಯ ಅಂಗಡಿಯಲ್ಲಿ ಚೀಟಿ ಬರೆದುಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದರು. ಕೊನೆಯಲ್ಲಿ ಎರಡು ನಿಮಿಷ ಜಾಗ ಉಳಿದರೆ ಅವರಿಗಿಷ್ಟ ಬಂದ ಅರ್ಧ ಹಾಡು ಉಚಿತ!

ಹಾಡು ಕೇಳುವ ಈ ಯಂತ್ರಕ್ಕೆ ಕಂಪ್ಯೂಟರ್ ಗಂಟುಬಿದ್ದದ್ದು ಬಡತನದಿಂದ. 1970ರ ದಶಕದ ನಡುವಿನಲ್ಲಿ ಹವ್ಯಾಸಿಗಳು ಮನೆಯಲ್ಲೇ ಕಂಪ್ಯೂಟರ್ ಜೋಡಿಸತೊಡಗಿದರು. ಕರೆಂಟು ತೆಗೆದರೆ ಅದರ ನೆನಪೆಲ್ಲ ಅಳಿಸಿಹೋಗುತ್ತಿತ್ತು. ಫ್ಲಾಪಿ ಡ್ರೈವ್ ಕೊಳ್ಳಲು ಕಂಪ್ಯೂಟರಿನಷ್ಟೇ ದುಡ್ಡು ಬೇಕು. ಆದರೆ ಕ್ಯಾಸೆಟ್ ರೆಕಾರ್ಡರ್ ಹೇಗೂ ಮನೆಯಲ್ಲಿತ್ತು. ಅದಕ್ಕೆ ಬರುವುದು ಸದ್ದನ್ನು ಬರೆಯುವ ಕೆಲಸ ಒಂದೇ. ಹಾಗಾದರೆ ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಸದ್ದಾಗಿ ಮಾಡಿದರಾಯಿತು. 1975ರ ನವೆಂಬರಿನಲ್ಲಿ ಬೈಟ್ ಪತ್ರಿಕೆ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಒಂದು ಸಭೆ ಕರೆಯಿತು. ಅಲ್ಲಿ ಒಪ್ಪಿದ ಪದ್ಧತಿಗೆ ಆ ಊರಿನ ಹೆಸರೇ ಉಳಿಯಿತು. ಸೊನ್ನೆಯಾದರೆ 1,200 ಹರ್ಟ್ಜ್‌ನ ನಾಲ್ಕು ಅಲೆ, ಒಂದಾದರೆ 2,400 ಹರ್ಟ್ಜ್‌ನ ಎಂಟು ಅಲೆ. ಎರಡಕ್ಕೂ ಹಿಡಿಯುವ ಹೊತ್ತು ಒಂದೇ, ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು. ಕೇಳುವಾಗ ಅಲೆಗಳನ್ನು ಎಣಿಸಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತದೆ.

ಒಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು, ಎಂಟು ಬಿಟ್ ಸೇರಿದರೆ ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಎಂಟು ಬಿಟ್. ಅದರ ಮುಂದೆ 'ಶುರು' ಎನ್ನುವುದಕ್ಕೆ ಒಂದು, ಹಿಂದೆ 'ಮುಗಿಯಿತು' ಎನ್ನುವುದಕ್ಕೆ ಎರಡು, ಒಟ್ಟು ಹನ್ನೊಂದು. ಸೆಕೆಂಡಿಗೆ 300 ಬಿಟ್ ಎಂದರೆ ಹೆಚ್ಚೆಂದರೆ 27 ಅಕ್ಷರ. 30 ನಿಮಿಷದ ಒಂದು ಮಗ್ಗುಲಲ್ಲಿ ಹಿಡಿಸುವುದು 49,000 ಅಕ್ಷರ. ಈಗ ಫೋನಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೋವನ್ನು ಹೀಗೆ ತುಂಬಿಸಲು ಕೂತರೆ 31 ಗಂಟೆ ಬೇಕು, ಎರಡೂ ಮಗ್ಗುಲು ತುಂಬಿದ 31 ಕ್ಯಾಸೆಟ್. 'ಕನ್ನಡ' ಎಂಬ ಒಂದು ಪದ ಇಂದಿನ ಯೂನಿಕೋಡಿನಲ್ಲಿ 15 ಬೈಟ್ ತಿನ್ನುತ್ತದೆ, ಆ ಟೇಪಿನಲ್ಲಾದರೆ ಅರ್ಧ ಸೆಕೆಂಡಿಗಿಂತ ಹೆಚ್ಚು. ನಾವು ಬಾಯಲ್ಲಿ ಹೇಳುವುದೂ ಅಷ್ಟೇ ಹೊತ್ತು! ಕಂಪ್ಯೂಟರ್ ಮನುಷ್ಯನ ಮಾತಿನ ವೇಗದಲ್ಲಿ ಓದುತ್ತಿತ್ತು ಎಂದರೆ ತಪ್ಪಲ್ಲ.

ಅದು ಹೇಗೆ ಕೇಳಿಸುತ್ತದೆ ಎನ್ನುವುದನ್ನು ನಾನು ಕಂಡದ್ದು ದೊಡ್ಡವನಾದ ಮೇಲೆ, ಮೈಸೂರಿನ ಪರಿಚಿತರೊಬ್ಬರ ಮನೆಯಲ್ಲಿ. ಅವರಲ್ಲಿ ಸಿಂಕ್ಲೇರ್ ಕಂಪನಿಯ ಜ಼ಡ್ಎಕ್ಸ್ ಸ್ಪೆಕ್ಟ್ರಮ್ ಇದೆ. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ, ರಬ್ಬರ್ ಕೀಲಿಗಳ, ಪಂಚಾಂಗದ ಗಾತ್ರದ ಕಂಪ್ಯೂಟರ್. ಟೇಪಿನ ಇಯರ್ ತೂತಿನಿಂದ ಅದಕ್ಕೆ ಒಂದು ವೈರು. ಲೋಡ್ ಎಂದು ಹೇಳಿ ಪ್ಲೇ ಒತ್ತಿದರು. ಮೊದಲು ಐದು ಸೆಕೆಂಡು ಒಂದೇ ಸಮನೆ 'ಈ…' ಎಂಬ ಶ್ರುತಿ, ಟಿವಿಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ ಮೆಲ್ಲಗೆ ಉರುಳುತ್ತವೆ. ಕಂಪ್ಯೂಟರ್ ತಾಳ ಹಿಡಿಯುವ ಹೊತ್ತು ಅದು. ಆಮೇಲೆ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ, ಅಂಚಿನ ಪಟ್ಟೆಗಳು ನೀಲಿ ಹಳದಿಯಾಗಿ ತೆಳುವಾಗಿ ನಡುಗುತ್ತವೆ. ಸದ್ದು ಇದ್ದಕ್ಕಿದ್ದಂತೆ ತೆರೆಯ ಮೇಲೆ ಚಿತ್ರವಾಗತೊಡಗಿತು. ಮೇಲಿಂದ ಕೆಳಕ್ಕೆ ನೇರವಾಗಿ ಅಲ್ಲ, ಎಂಟೆಂಟು ಗೆರೆ ಬಿಟ್ಟು ಒಂದೊಂದು ಗೆರೆ, ನೇಯ್ಗೆಯಂತೆ. ಮೊದಲು ಬರೀ ಗೆರೆ, ಕೊನೆಗೆ ಬಣ್ಣ. ಅದಾದ ಮೇಲೆ ನಾಲ್ಕೈದು ನಿಮಿಷ ಮತ್ತೆ ಸಾಸಿವೆ ಸಿಡಿಯುತ್ತದೆ. ಯಾರೂ ಎದ್ದು ಹೋಗುವುದಿಲ್ಲ, ಯಾಕೆಂದರೆ ಯಾವ ಗಳಿಗೆಯಲ್ಲಾದರೂ ಕೈಕೊಡಬಹುದು.

ಕೈಕೊಟ್ಟಿತು. 'ಆರ್ ಟೇಪ್ ಲೋಡಿಂಗ್ ಎರರ್' ಎಂಬ ಒಂದು ಸಾಲು. ಅವರು ಮಾತಾಡದೆ ಮೇಜಿನ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದು, ಟೇಪ್ ರೆಕಾರ್ಡರಿನ ಬಾಗಿಲಲ್ಲಿದ್ದ ತೂತಿಗೆ ತೂರಿಸಿ, ಕಿವಿಗೊಟ್ಟು ತಿರುಗಿಸಿದರು. ಸಾಸಿವೆ ಚೂಪಾಯಿತು. ಎರಡನೇ ಸಲ ಲೋಡ್ ಆಯಿತು. ಅದೇ ಸ್ಕ್ರೂ, ಅದೇ ಝಣ್.

ಸ್ಪೆಕ್ಟ್ರಮ್ಮಿನ ಬಿಟ್‌ಗಳು ಸುಮಾರು 1,000 ಮತ್ತು 2,000 ಹರ್ಟ್ಜ್‌ನ ಸದ್ದು. ಅಲೆ ಉದ್ದವೇ ಇದೆ, ಓರೆ ಹೆಡ್ಡಿಗೂ ಅದು ಕೇಳಬೇಕಲ್ಲ ಎಂದು ನೀವು ಕೇಳಬಹುದು. ಕೇಳುತ್ತದೆ. ಆದರೆ ಕಂಪ್ಯೂಟರ್ ಸದ್ದನ್ನು ಕೇಳುವುದಿಲ್ಲ, ಅಲೆ ಯಾವ ಕ್ಷಣದಲ್ಲಿ ಮೇಲಿಂದ ಕೆಳಗೆ ದಾಟಿತು ಎಂದು ಗಡಿಯಾರ ಹಿಡಿದು ಕೂತಿರುತ್ತದೆ. ಆ ಅಂಚು ಮೆಟ್ಟಿಲಿನ ಹಾಗೆ ಕಡಿದಾಗಿದ್ದರೆ ಕ್ಷಣ ಖಚಿತ. ಅಂಚನ್ನು ಕಡಿದಾಗಿಸುವುದು ಅದೇ ಮೇಲ್ದನಿಗಳು, ಓರೆ ಹೆಡ್ ಮೊದಲು ನುಂಗುವುದೂ ಅವನ್ನೇ. ಅವು ಹೋದರೆ ಮೆಟ್ಟಿಲು ಸವೆದು ಇಳಿಜಾರಾಗುತ್ತದೆ, ದಾಟಿದ ಕ್ಷಣ ಹಿಂದೆಮುಂದೆ ಆಗುತ್ತದೆ, ಒಂದು ಹೋಗಿ ಸೊನ್ನೆಯಾಗುತ್ತದೆ. ಪ್ರತಿ ಕಂತಿನ ಕೊನೆಯಲ್ಲಿ ತಾಳೆ ನೋಡುವ ಒಂದು ಬೈಟ್ ಇರುತ್ತದೆ. ಸಂಘದ ಪುಸ್ತಕದಲ್ಲಿ ಕೊನೆಗೆ ಮೊತ್ತ ಕೂಡಿ ನೋಡಿದ ಹಾಗೆ, ಬಂದ ಬೈಟ್‌ಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿದ ಫಲ ಆ ಬೈಟಿಗೆ ಸರಿಬರಬೇಕು. ಬರದಿದ್ದರೆ ಐದು ನಿಮಿಷ ನೀರುಪಾಲು.

ಹಾಡಿಗೂ ಪ್ರೋಗ್ರಾಮಿಗೂ ಇರುವ ವ್ಯತ್ಯಾಸ ನನಗೆ ಕಣ್ಣಿಗೆ ಕಟ್ಟಿದಂತೆ ತಿಳಿದದ್ದು ಆಗ. ಹಾಡು ಗಾಯ ಸಹಿಸುತ್ತದೆ. ಸುಕ್ಕಾದ ಟೇಪಿನಲ್ಲಿ ಒಂದು ಕ್ಷಣ ಮುಳುಗಿ ಮತ್ತೆ ತೇಲುತ್ತದೆ, ಬಿಟ್ಟ ಪದವನ್ನು ನಾವೇ ತುಂಬಿಕೊಳ್ಳುತ್ತೇವೆ. ನಲವತ್ತು ವರ್ಷದ ಕ್ಯಾಸೆಟ್ಟಿನಲ್ಲಿ ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದರ ಪಿಸುದನಿ ಕೇಳುವುದುಂಟು. ರೀಲಿನ ಒಂದು ಸುತ್ತಿನ ಅಯಸ್ಕಾಂತ ಪಕ್ಕದ ಸುತ್ತಿಗೆ ಅಂಟಿ ಹಾಗಾಗುತ್ತದೆ. ಅದನ್ನೂ ನಾವು ಹಾಡಿನ ಭಾಗವೆಂದೇ ಕೇಳುತ್ತೇವೆ. ಪ್ರೋಗ್ರಾಮಿಗೆ ಈ ದಾಕ್ಷಿಣ್ಯ ಇಲ್ಲ, ಒಂದು ಬಿಟ್ ತಪ್ಪಿದರೂ ಇಡೀ ಲೋಡ್ ವ್ಯರ್ಥ. ಆದರೆ ಪೂರ್ತಿ ಬಂತೆಂದರೆ ಮೊದಲ ದಿನ ಬರೆದದ್ದೇ ಅದು, ಒಂದು ಕೂದಲೂ ಕೊಂಕಿರುವುದಿಲ್ಲ.

ಸದ್ದಾದ ಮೇಲೆ ಅದನ್ನು ಬಾನುಲಿಯಲ್ಲೂ ಕಳಿಸಬಹುದಲ್ಲ? ಕಳಿಸಿದರು. ನೆದರ್ಲೆಂಡ್ಸ್‌ನ ಹಾಬಿಸ್ಕೂಪ್ ಎಂಬ ರೇಡಿಯೋ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಪ್ರೋಗ್ರಾಮುಗಳನ್ನು ಪ್ರಸಾರ ಮಾಡುತ್ತಿತ್ತು. ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳಿಗೂ ಅರ್ಥವಾಗಲೆಂದು ಬೇಸಿಕೋಡ್ ಎಂಬ ಒಂದು ಸಾಮಾನ್ಯ ರೂಪವನ್ನೇ ಮಾಡಿಕೊಂಡರು. ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೊರಾನ್ ಮೊದ್ಲಿ ನಡೆಸುತ್ತಿದ್ದ ವೆಂಟಿಲೇಟರ್ 202ರಲ್ಲೂ ಹೀಗೇ. ಕೇಳುಗರು ಟೇಪ್ ಸಿದ್ಧ ಮಾಡಿಕೊಂಡು ಕೂತು, ಆ ಚಟಪಟವನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಊಡುತ್ತಿದ್ದರು. ವೈಫೈ ಹುಟ್ಟುವುದಕ್ಕೆ ಹತ್ತು ಹದಿನೈದು ವರ್ಷ ಮುಂಚೆ ಗಾಳಿಯಲ್ಲಿ ಸಾಫ್ಟ್‌ವೇರ್ ಇಳಿಯುತ್ತಿತ್ತು.

ಹೊತ್ತೊಯ್ಯುವ ಕಂಪ್ಯೂಟರುಗಳ ಕತೆ ಇಲ್ಲಿಗೇ ಬಂದು ಸೇರುತ್ತದೆ. 1981ರ ಏಪ್ರಿಲಿನಲ್ಲಿ ಬಂದ ಆಸ್‌ಬರ್ನ್ 1 ಅನ್ನು ಎಲ್ಲರೂ ನೆನೆಯುತ್ತಾರೆ. 1,795 ಡಾಲರ್, ಐದು ಅಂಗುಲದ ತೆರೆ, ಎರಡು ಫ್ಲಾಪಿ ಡ್ರೈವ್, ತೂಕ ಹತ್ತು ಕಿಲೋಗೂ ಮೇಲೆ. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಅದರಲ್ಲಿ ಬ್ಯಾಟರಿ ಇರಲಿಲ್ಲ. ಹೊರಬಹುದು, ಹೊತ್ತ ಮೇಲೆ ಗೋಡೆಯ ಪ್ಲಗ್ ಹುಡುಕಬೇಕು. ಅದನ್ನು ಮಾಡಿದ ಆಡಮ್ ಆಸ್‌ಬರ್ನ್ ಬ್ಯಾಂಕಾಕಿನಲ್ಲಿ ಹುಟ್ಟಿ, ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ. ಅವರ ತಂದೆ ರಮಣ ಮಹರ್ಷಿಗಳ ಅನುಯಾಯಿ. ಕಂಪನಿ 1983ರಲ್ಲಿ ದಿವಾಳಿಯಾಯಿತು, ಅವರು ತೀರಿಕೊಂಡದ್ದು 2003ರಲ್ಲಿ, ಕೊಡೈಕೆನಾಲಿನಲ್ಲಿ.

ನನಗೆ ಅದಕ್ಕಿಂತ ಇಷ್ಟದ್ದು ಜಪಾನಿನ ಎಪ್ಸನ್ ಕಂಪನಿಯ ಎಚ್ಎಕ್ಸ್-20. 1982ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಇದು ಎ4 ಹಾಳೆಯಷ್ಟು ಅಗಲ, ತೂಕ 1.6 ಕಿಲೋ. ತೆರೆಯಲ್ಲಿ ನಾಲ್ಕೇ ಸಾಲು, ಸಾಲಿಗೆ ಇಪ್ಪತ್ತೇ ಅಕ್ಷರ. ಆದರೆ ಬ್ಯಾಟರಿ 50 ಗಂಟೆ ಬಾಳುತ್ತಿತ್ತು. ಎಡಗಡೆ ಬಸ್ ಟಿಕೆಟ್ಟಿನಷ್ಟು ಕಿರಿದಾದ ಕಾಗದದ ಪ್ರಿಂಟರ್, ಬಲಗಡೆ ಮೈಕ್ರೋಕ್ಯಾಸೆಟ್ಟಿನ ಡ್ರೈವ್. ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಆ ಕ್ಯಾಸೆಟ್ಟನ್ನು ಪ್ರೋಗ್ರಾಮೇ ಓಡಿಸಬಲ್ಲದು, ಹಿಂದಕ್ಕೆ ಸುತ್ತಬಲ್ಲದು, ಎಲ್ಲಿದ್ದೇನೆಂದು ಎಣಿಸಬಲ್ಲದು. ಫ್ಲಾಪಿಯ ಮೋಟರ್ ಬ್ಯಾಟರಿಯನ್ನು ಹೀರಿಬಿಡುತ್ತಿತ್ತು, ಹಾರ್ಡ್ ಡಿಸ್ಕ್ ಕೈಗೆಟುಕುವಂತಿರಲಿಲ್ಲ. ಹಗುರ ಮತ್ತು ಅಗ್ಗ ಎರಡೂ ಆಗಬೇಕೆಂದರೆ ಟೇಪೇ ಗತಿ. 1983ರ ಟ್ಯಾಂಡಿ ಮಾಡೆಲ್ 100ರದ್ದೂ ಅದೇ ದಾರಿ. ಪೆನ್ ಟಾರ್ಚಿಗೆ ಹಾಕುವ ನಾಲ್ಕು ಸಣ್ಣ ಸೆಲ್ಲಿನಲ್ಲಿ 20 ಗಂಟೆ ನಡೆಯುತ್ತಿದ್ದ ಅದನ್ನು ಅಮೆರಿಕದ ವರದಿಗಾರರು ಊರೂರಿಗೆ ಒಯ್ದು, ಬರೆದದ್ದನ್ನು ಫೋನ್ ತಂತಿಯಲ್ಲಿ ಪತ್ರಿಕೆಗೆ ಕಳಿಸುತ್ತಿದ್ದರು. ಬರೆದದ್ದು ಉಳಿಯಬೇಕೆಂದರೆ ಮನೆಯ ಟೇಪ್ ರೆಕಾರ್ಡರಿಗೆ ಮೂರು ಪಿನ್ನಿನ ವೈರು ಚುಚ್ಚಬೇಕು, ಬರೆಯಲು ಒಂದು, ಓದಲು ಒಂದು, ಮೋಟರನ್ನು ನಿಲ್ಲಿಸಿ ಓಡಿಸಲು ಒಂದು.

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ. ಅದರಲ್ಲಿ ಕೊಟ್ಟ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳ ಬೆನ್ನಿಗೂ ಕ್ಯಾಸೆಟ್ಟಿನ ಒಂದು ತೂತು ಇತ್ತು.

ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಕಟ್ಟಿದವನು ಯೋಹಾನಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ, ಮನೆಯಿಂದ ದೂರವಾದವರಿಗೆ ಬರುವ ಕಾಯಿಲೆಯ ಹೆಸರಾಗಿ. ಕ್ಯಾಸೆಟ್ಟಿನ ಈಗಿನ ಹುಚ್ಚು ಕಂಡಾಗ ಅದು ಕಾಯಿಲೆ ಅಲ್ಲ ಎಂದು ವಾದಿಸುವುದು ಕಷ್ಟ. ಹೊಸ ಪ್ಲೇಯರುಗಳು ಬರುತ್ತಿವೆ, ಹೊರಗೆ ಚೆಂದದ ಬಣ್ಣ. ಒಳಗೆ ಬಹುಪಾಲಿನಲ್ಲಿ ಒಂದೇ ಹಳೆಯ ಅಗ್ಗದ ವಿನ್ಯಾಸದ ನಕಲು, ಹಗುರ ಚಕ್ರ, ನಡುಗುವ ದನಿ. ಹಳೆಯ ದಿನಗಳ ಒಳ್ಳೆಯ ಡೆಕ್ ಎದುರು ಅವು ನಿಲ್ಲುವುದಿಲ್ಲ. ಟೇಪಿನ ದನಿ 'ಬೆಚ್ಚಗೆ' ಇರುತ್ತದೆ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ನಮ್ಮ ಮನೆಯಲ್ಲಿ ಆ ಬೆಚ್ಚಗೆ ಅನ್ನುವುದು ಕಾಲು ಡಿಗ್ರಿ ವಾಲಿದ ಹೆಡ್ ಆಗಿತ್ತು. ನನ್ನನ್ನು ಈ ಯಂತ್ರ ಎಳೆಯುವುದು ಬೇರೆ ಕಾರಣಕ್ಕೆ. ಇದರಲ್ಲಿ ಕೆಟ್ಟದ್ದು ಎಲ್ಲಿ ಎಂದು ಕಿವಿಯಿಂದಲೇ ಹುಡುಕಬಹುದು, ಸಿಕ್ಕಿದ ಮೇಲೆ ಬೆರಳಿನಿಂದಲೇ ಸರಿಮಾಡಬಹುದು. ಫೋನಿನ ಹಾಡು ನಿಂತರೆ ನಾನು ಎಲ್ಲಿ ಕಿವಿಯಿಡಲಿ?

ಟೂ-ಇನ್-ಒನ್ನಿನ ಸ್ಕ್ರೂ ತಿರುಗಿಸಿ ಅಂಗಡಿಯಿಂದ ತಂದಿದ್ದ ಕ್ಯಾಸೆಟ್ಟುಗಳನ್ನೆಲ್ಲ ಹಾಕಿ ನೋಡಿದೆ. ತಾಳ ಝಣಝಣ ಎಂದಿತು, 'ಸ' ಮತ್ತೆ 'ಸ' ಆಯಿತು. ಖುಷಿಯಲ್ಲಿ ಕೊನೆಗೆ ಆ ಕ್ಯಾಸೆಟ್ಟು ಹಾಕಿದೆ. ಅತ್ತೆಯ ಮದುವೆಯ ಮುಂಚೆ ಅಜ್ಜಿ ಹೇಳಿದ ಹಸೆ ಹಾಡುಗಳನ್ನು ಅಪ್ಪ ಇದೇ ಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ಅಳಿಸಬಾರದೆಂದು ಬೆನ್ನಿನ ಎರಡೂ ಕಿಂಡಿಯ ಚಕ್ಕೆ ಮುರಿದಿತ್ತು. ಅಂಚಿನಲ್ಲಿ ಮಳೆಗಾಲದ ಬಿಳಿ ಬೂಷ್ಟು ಹಿಡಿದದ್ದನ್ನು ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೆ. ಪ್ಲೇ ಒತ್ತಿದರೆ ಅಜ್ಜಿ ದೂರದ ಕೋಣೆಯಲ್ಲಿ ಕಂಬಳಿ ಹೊದ್ದು ಹಾಡುತ್ತಿದ್ದರು.

ಒಂದು ಗಳಿಗೆ ಟೇಪು ಹಾಳಾಗಿದೆ ಎಂದೇ ಅಂದುಕೊಂಡೆ. ಆಮೇಲೆ ಹೊಳೆಯಿತು. ಅಪ್ಪ ರೆಕಾರ್ಡ್ ಮಾಡಿದಾಗ ಈ ಹೆಡ್ ವಾಲಿಕೊಂಡೇ ಇತ್ತು. ಅಜ್ಜಿಯ ದನಿಯ ಅಲೆಗಳು ಟೇಪಿನ ಮೇಲೆ ಬಿದ್ದದ್ದೇ ಓರೆಯಾಗಿ. ಓರೆ ಸಾಲಿಗೆ ಓರೆ ಕೋಲೇ ಬೇಕು. ನಾನು ನೆಟ್ಟಗೆ ಮಾಡಿದ ಹೆಡ್ಡಿಗೆ ಅವರ ದನಿ ಓದಲು ಬರುತ್ತಿರಲಿಲ್ಲ.

ಸ್ಕ್ರೂಡ್ರೈವರ್ ಮತ್ತೆ ತೂರಿಸಿ ಮೆಲ್ಲಗೆ ಹಿಂದಕ್ಕೆ ತಿರುಗಿಸಿದೆ. ಮುಕ್ಕಾಲು ಸುತ್ತೂ ಆಗಿರಲಿಲ್ಲ. ಮೊದಲು ಅಜ್ಜಿಯ ಬಳೆ ಸದ್ದು ಬಂತು, ಆಮೇಲೆ ಸಾಲಿನ ಕೊನೆಯ ಉಸಿರು, ನಡುವೆ ಯಾರೋ "ಒಲೆ ಮೇಲೆ ಹಾಲಿದ್ದು ನೋಡೇ" ಎಂದು ಅಡುಗೆಮನೆಗೆ ಕೂಗಿದ್ದು.

ಈಗ ಆ ಸ್ಕ್ರೂ ತಲೆಯ ಪಕ್ಕದಲ್ಲಿ ಮಗಳ ನೇಲ್ ಪಾಲಿಶಿನಿಂದ ಎರಡು ಚುಕ್ಕೆ ಇಟ್ಟಿದ್ದೇನೆ. ಒಂದು ಅಂಗಡಿ ಕ್ಯಾಸೆಟ್ಟಿಗೆ, ಒಂದು ಅಜ್ಜಿಗೆ.